ಎಣಿಸಿದ ಮೇಲೆ ಅನುಪಾಲನಾ ವರದಿ ಎಲ್ಲಿ?

2013ರ ನವೆಂಬರ್ ಕೊನೆ. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಚಳಿ ಸರಿದು ಬೇಸಿಗೆ ಕಾಲಿಡುವ ಹೊತ್ತು. ಪೊಹುಟುಕಾವಾ ಮರಗಳಲ್ಲಿ ಕೆಂಪು ಹೂ ಆಗಷ್ಟೇ ಬಿರಿಯುತ್ತಿತ್ತು. ತುಮಕೂರು ಜಿಲ್ಲೆಯ ನಮ್ಮೂರಿನಿಂದ ಅಪ್ಪ ಬಂದು ಮೂರು ತಿಂಗಳು ನಮ್ಮ ಜೊತೆಗಿದ್ದರು. ದಿನಾ ಮಫ್ಲರ್ ಸುತ್ತಿಕೊಂಡು ಗೇಟಿನ ಬಳಿಯ ಟಪಾಲು ಡಬ್ಬಿ ನೋಡಿ ಬರುವುದು ಅವರೇ ಹಚ್ಚಿಕೊಂಡಿದ್ದ ಕೆಲಸ. ಒಂದು ದಿನ ನನ್ನ ಹೆಸರಿನ ಲಕೋಟೆ ತಂದು ಊಟದ ಮೇಜಿನ ಮೇಲಿಟ್ಟು, "ಸರ್ಕಾರದ್ದು ಇದ್ದಂಗಿದೆ, ಒಡೆದು ನೋಡು" ಅಂದರು.

ಒಳಗೆ ಒಂದು ಹಾಳೆ, ಅದನ್ನು ವಾಪಸ್ ಕಳಿಸಲು ಸ್ಟ್ಯಾಂಪು ಬೇಡದ ಒಂದು ಕವರು. ಹಾಳೆಯ ಮೇಲೆ ಒಂದೇ ಪ್ರಶ್ನೆ. ಮೆರಿಡಿಯನ್ ಎನರ್ಜಿ, ಮೈಟಿ ರಿವರ್ ಪವರ್, ಜೆನೆಸಿಸ್ ಪವರ್, ಸಾಲಿಡ್ ಎನರ್ಜಿ, ಏರ್ ನ್ಯೂಜಿಲೆಂಡ್ ಇವುಗಳಲ್ಲಿ ಶೇ. 49ರವರೆಗಿನ ಪಾಲನ್ನು ಸರ್ಕಾರ ಮಾರುವುದಕ್ಕೆ ನಿಮ್ಮ ಬೆಂಬಲ ಇದೆಯೇ? ಕೆಳಗೆ ಹೌದು, ಇಲ್ಲ. ಅಷ್ಟೇ. ಅಭ್ಯರ್ಥಿಯ ಹೆಸರಿಲ್ಲ, ಪಕ್ಷದ ಗುರುತಿಲ್ಲ.

ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ನಿವೃತ್ತರಾದವರು. ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿ, ಶಾಲೆಯ ಬೆಂಚಿನ ಮೇಲೆ ಮಲಗಿ, ಬೆಳಗಿನ ಜಾವ ಪೆಟ್ಟಿಗೆಗೆ ಅರಗು ಹಾಕಿದವರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರಿಗೆ ಮೊದಲು ಬಂದ ಅನುಮಾನ ವಿದ್ಯುತ್ ಕಂಪನಿಗಳ ಬಗ್ಗೆ ಅಲ್ಲ. "ನಿನ್ನ ಪಾಸ್‌ಪೋರ್ಟು ಇನ್ನೂ ನಮ್ಮದೇ ತಾನೆ? ಇವರು ನಿನ್ನನ್ನ ಯಾಕೆ ಕೇಳ್ತಾರೆ?"

ಕೇಳುತ್ತಾರೆ. ಈ ದೇಶದಲ್ಲಿ ಮತ ಹಾಕಲು ಪೌರತ್ವವೇ ಬೇಕೆಂದಿಲ್ಲ. ಕಾಯಂ ವಾಸದ ವೀಸಾ ಇದ್ದು, ಒಂದು ವರ್ಷ ಇಲ್ಲಿ ನೆಲೆಸಿದ್ದರೆ ಸಾಕು, 18 ತುಂಬಿದವರ ಹೆಸರು ಪಟ್ಟಿಗೆ ಸೇರುತ್ತದೆ. 1975ರಿಂದ ಹೀಗೇ ಇದೆ. ನನ್ನ ತಾಯ್ನಾಡಿನಲ್ಲಿಯೂ ನನಗೆ ಮತವಿದೆ, ಆದರೆ ಮತದಾನದ ದಿನ ವಿಮಾನ ಹತ್ತಿ ಊರಿನ ಮತಗಟ್ಟೆಗೆ ಖುದ್ದಾಗಿ ಹೋಗಬೇಕು. ಇಲ್ಲಿ ಬಂದು ನಾಲ್ಕು ವರ್ಷವಾದ ನನ್ನಂಥವನ ಮನೆ ಬಾಗಿಲಿಗೆ ಪ್ರಶ್ನೆ ತಾನಾಗಿ ಬಂತು. ಅದನ್ನು ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರ್ಯಾದಸ್ತ ಜನ" ಅಂದರು. ಆ ಮಾತನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ಮುಂದೆ ಹೇಳುವುದನ್ನೆಲ್ಲ ಆ ಮರ್ಯಾದೆಯ ಋಣ ನೆನೆದೇ ಹೇಳುತ್ತಿದ್ದೇನೆ.

ಆ ಹಾಳೆ ನನ್ನ ಮನೆಗೆ ಬಂದದ್ದು 1993ರ ಒಂದು ಕಾಯ್ದೆಯಿಂದ. ಸಿಟಿಜನ್ಸ್ ಇನಿಶಿಯೇಟೆಡ್ ರೆಫರೆಂಡಾ ಆ್ಯಕ್ಟ್, ಅಂದರೆ ನಾಗರಿಕರೇ ಹುಟ್ಟುಹಾಕುವ ಜನಮತಗಣನೆಯ ಕಾಯ್ದೆ. ನ್ಯೂಜಿಲೆಂಡಿನಂಥ ಪುಟ್ಟ ದ್ವೀಪದೇಶಕ್ಕೆ ಇದು ಯಾಕೆ ಬೇಕಾಯಿತು ಎಂಬುದಕ್ಕೆ ಕಾರಣವಿದೆ. ಇಡೀ ದೇಶದ ಜನಸಂಖ್ಯೆ ಬೆಂಗಳೂರಿನ ಅರ್ಧದಷ್ಟಿಲ್ಲ. ಒಂದೇ ಸದನ, ಮೇಲ್ಮನೆಯನ್ನು 1950ರಲ್ಲೇ ತೆಗೆದುಹಾಕಿದರು. ರಾಜ್ಯಗಳಿಲ್ಲ. ನಮ್ಮಂತೆ ಎಲ್ಲಕ್ಕೂ ಮೇಲಾದ ಒಂದು ಲಿಖಿತ ಸಂವಿಧಾನ ಇಲ್ಲ, ಸಂಸತ್ತು ಮಾಡಿದ ಕಾಯ್ದೆಯನ್ನು ರದ್ದು ಮಾಡುವ ಅಧಿಕಾರ ಕೋರ್ಟಿಗೂ ಇಲ್ಲ. ಬಹುಮತ ಸಿಕ್ಕ ಸರ್ಕಾರಕ್ಕೆ ಮೂಗುದಾರವೇ ಇಲ್ಲದ ವ್ಯವಸ್ಥೆ. 1984ರಲ್ಲಿ ಬಂದ ಲೇಬರ್ ಸರ್ಕಾರ ಪ್ರಣಾಳಿಕೆಯಲ್ಲಿ ಸುಳಿವೂ ಕೊಡದೆ ದೇಶದ ಅರ್ಥವ್ಯವಸ್ಥೆಯನ್ನೇ ಬುಡಮೇಲು ಮಾಡಿತು. 1990ರಲ್ಲಿ ಬಂದ ನ್ಯಾಷನಲ್ ಪಕ್ಷ ಪಿಂಚಣಿಯ ಬಗ್ಗೆ ಕೊಟ್ಟ ಮಾತಿಗೆ ತಪ್ಪಿತು. ಎರಡೂ ಕಡೆಯಿಂದ ಪೆಟ್ಟು ತಿಂದ ಜನ, ಮೂರು ವರ್ಷಕ್ಕೊಮ್ಮೆ ಮತ ಹಾಕಿ ಸುಮ್ಮನಿರಲು ಆಗುವುದಿಲ್ಲ, ನಡುವೆ ನಮ್ಮನ್ನು ಕೇಳಬೇಕು ಅಂದರು. ಅದರ ಫಲ ಈ ಕಾಯ್ದೆ.

ಕಾಯ್ದೆಯ ದಾರಿ ಹೀಗಿದೆ. ನೀವು ಒಂದು ಪ್ರಶ್ನೆ ಬರೆದು 500 ಡಾಲರ್ ಶುಲ್ಕದೊಂದಿಗೆ ಸಂಸತ್ತಿನ ಕ್ಲರ್ಕ್‌ಗೆ ಕೊಡಬೇಕು. ಕ್ಲರ್ಕ್ ಎಂದರೆ ಗುಮಾಸ್ತರಲ್ಲ, ನಮ್ಮ ವಿಧಾನಸಭೆಯ ಕಾರ್ಯದರ್ಶಿಯಂಥ ಹಿರಿಯ ಅಧಿಕಾರಿ. ಅವರು ಪ್ರಶ್ನೆಯನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಬಂದ ಅಭಿಪ್ರಾಯ ನೋಡಿ, ಎರಡೇ ಉತ್ತರ ಸಾಧ್ಯವಾಗುವಂತೆ ಮೂರು ತಿಂಗಳೊಳಗೆ ಅಂತಿಮ ಮಾತುಗಳನ್ನು ಗೊತ್ತು ಮಾಡುತ್ತಾರೆ. ಆಮೇಲೆ 12 ತಿಂಗಳು ಕೈಯಲ್ಲಿರುತ್ತದೆ. ಅಷ್ಟರಲ್ಲಿ ದೇಶದ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿಯ ಸಹಿ ಬೇಕು. ಸಹಿ ತುಂಬಿದರೆ ಸರ್ಕಾರ ಮತದಾನ ನಡೆಸಲೇಬೇಕು, ಸಾಮಾನ್ಯವಾಗಿ ಒಂದು ವರ್ಷದೊಳಗೆ. ಮುಂದೂಡಬೇಕಾದರೆ ಸಂಸದರಲ್ಲಿ ನಾಲ್ಕನೇ ಮೂರು ಭಾಗ ಒಪ್ಪಬೇಕು. ಅದೇ ವಿಷಯವನ್ನು ಮತ್ತೆ ಕೇಳಲು ಐದು ವರ್ಷ ಕಾಯಬೇಕು. ಪ್ರಚಾರದ ಖರ್ಚಿಗೂ ಮಿತಿಯಿದೆ.

ಓದಿದರೆ ಸುಲಭ. ಸಹಿ ಕೂಡಿಸುವುದು ಎಷ್ಟು ಕಷ್ಟ ಎಂದು ಗೊತ್ತಾಗಬೇಕಾದರೆ ಶನಿವಾರದ ತರಕಾರಿ ಸಂತೆಗೆ ಬರಬೇಕು. ನಾನು ಸಹಿ ಹಾಕಿದ್ದು ಅಂಥ ಕಡೆಯೇ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಉಣ್ಣೆ ಟೋಪಿ ಹಾಕಿಕೊಂಡು, ಹಾಳೆಗಳು ಹಾರದಂತೆ ರಟ್ಟಿಗೆ ಎರಡು ಕ್ಲಿಪ್ಪು ಸಿಕ್ಕಿಸಿಕೊಂಡು, ಕೊತ್ತಂಬರಿ ಕಟ್ಟು ಹಿಡಿದು ಹೋಗುತ್ತಿದ್ದ ನನ್ನನ್ನು ನಿಲ್ಲಿಸಿದರು. ಹೆಸರು ಬರೆಸಿದರು, ವಿಳಾಸ ಬರೆಸಿದರು. "ಮತದಾರರ ಪಟ್ಟಿಯಲ್ಲಿ ಇದೇ ವಿಳಾಸ ಇದೆಯಾ?" ಎಂದು ಎರಡು ಸಲ ಕೇಳಿದರು. ಹೂಂ ಅಂದೆ. ಮನೆಗೆ ಬಂದ ಮೇಲೆ ನೆನಪಾಯಿತು, ನಾವು ಮನೆ ಬದಲಿಸಿ ಎರಡು ತಿಂಗಳಾಗಿತ್ತು, ಪಟ್ಟಿಯಲ್ಲಿ ಹಳೇ ಬಾಡಿಗೆ ಮನೆಯ ವಿಳಾಸವೇ ಇತ್ತು.

ಆ ಸಲ ಬೇಕಿದ್ದದ್ದು 3,08,753 ಸಹಿ. ಅದಕ್ಕಿಂತ ಎಷ್ಟೋ ಹೆಚ್ಚು ತುಂಬಿದ ಪೆಟ್ಟಿಗೆಗಳನ್ನು 2013ರ ಮಾರ್ಚಿನಲ್ಲಿ ಸಂಸತ್ತಿಗೆ ಹೊತ್ತು ತಂದರು. ಕ್ಲರ್ಕ್ ಕಚೇರಿ ಅವುಗಳಲ್ಲಿ ಮಾದರಿ ಆರಿಸಿ ಮತದಾರರ ಪಟ್ಟಿಯ ಜೊತೆ ತಾಳೆ ನೋಡಿತು. ಪಟ್ಟಿಯಲ್ಲಿ ಇಲ್ಲದವರು, ಎರಡು ಸಲ ಹಾಕಿದವರು, ಗುರುತು ಸಿಗದವರು ಎಲ್ಲ ಕಳೆದು ಲೆಕ್ಕ ಹಾಕಿದಾಗ ಸುಮಾರು ಹದಿನಾರೂವರೆ ಸಾವಿರ ಕಡಿಮೆ ಬಿತ್ತು. ಕೊರತೆ ತುಂಬಿಸಲು ಕಾಯ್ದೆ ಎರಡು ತಿಂಗಳು ಕೊಡುತ್ತದೆ. ಆ ಎರಡು ತಿಂಗಳು ಚಳಿಗಾಲಕ್ಕೆ ಬಿದ್ದಿತ್ತು. ಅಜ್ಜಿ ಮತ್ತೆ ಸಂತೆಗೆ ಬಂದರು. ಅಷ್ಟು ಹೊತ್ತಿಗೆ ನಾನು ವಿಳಾಸ ಸರಿಪಡಿಸಿಕೊಂಡಿದ್ದೆ. ಸಹಿ ಎರಡು ಸಲ ಆದೀತೆಂದು ಮತ್ತೆ ಹಾಕಲಿಲ್ಲ. ಆದರೆ ಅವರ ಪಕ್ಕ ಒಂದು ಗಂಟೆ ನಿಂತು ದಾರಿಹೋಕರನ್ನು ಕರೆದೆ.

ಎಣಿಕೆಯಲ್ಲಿನ ಈ ಕಟ್ಟುನಿಟ್ಟು ನನಗೆ ತುಂಬಾ ಹಿಡಿಸಿತು. ಸರ್ಕಾರಕ್ಕೆ ಇಷ್ಟವಿಲ್ಲದ ಪ್ರಶ್ನೆ ಅದು. ಆದರೂ ಸಹಿ ಎಷ್ಟು ಕಡಿಮೆ, ಯಾಕೆ ಕಡಿಮೆ ಎಂದು ಬಹಿರಂಗವಾಗಿ ಹೇಳಿದರು, ತುಂಬಿದ ಮೇಲೆ ತಕರಾರಿಲ್ಲದೆ ಒಪ್ಪಿದರು, ಸುಮಾರು 90 ಲಕ್ಷ ಡಾಲರ್ ಖರ್ಚು ಮಾಡಿ ಮನೆಮನೆಗೆ ಹಾಳೆ ಕಳಿಸಿದರು. ಆಡಳಿತ ಪಕ್ಷದವರು ನನ್ನ ಮನೆಗೆ ಬರಲಿಲ್ಲ, ಹಣವನ್ನಾಗಲಿ ಸೀರೆಯನ್ನಾಗಲಿ ಹಂಚಲಿಲ್ಲ.

ಸಹಿಗೆ ಈ ಮಣ್ಣಿನಲ್ಲಿ ಹಳೆಯ ಗೌರವವಿದೆ. ವೆಲಿಂಗ್ಟನ್‌ಗೆ ಬಂದವರು ಮೋಲ್ಸ್‌ವರ್ತ್ ಬೀದಿಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಿ ನೋಡಬೇಕು. ಅಲ್ಲಿ ಕತ್ತಲು ಕತ್ತಲಾಗಿರುವ ಒಂದು ಕೋಣೆಯಲ್ಲಿ 1893ರ ಮಹಿಳಾ ಮತದಾನದ ಮನವಿ ಇದೆ. ಕೇಟ್ ಶೆಪರ್ಡ್ ಮತ್ತು ಸಂಗಡಿಗರು ದೇಶದ ಉದ್ದಗಲಕ್ಕೂ ಕೂಡಿಸಿದ ಸಹಿಗಳ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಪೊರಕೆಯ ಹಿಡಿಯ ತುಂಡಿಗೆ ಸುತ್ತಿ, ಸಂಸತ್ತಿಗೆ ಕಳಿಸಿದರು. ಸದನದ ನೆಲದ ಮೇಲೆ ಅದನ್ನು ಉರುಳಿಸಿ ಬಿಚ್ಚಿದಾಗ ಆಚೆ ಗೋಡೆ ಮುಟ್ಟಿತಂತೆ. ಪೂರ್ತಿ ಬಿಚ್ಚಿದರೆ 270 ಮೀಟರ್. ಆ ವರ್ಷವೇ ಹೆಂಗಸರಿಗೆ ಮತ ಬಂತು, ಜಗತ್ತಿನ ಸ್ವತಂತ್ರಾಡಳಿತದ ದೇಶಗಳಲ್ಲಿ ಮೊದಲು. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಆಗಲಿಲ್ಲ. ಆಮೇಲೆ ಫೋಟೊ ಕಳಿಸಿದೆ. ಪೊರಕೆ ಹಿಡಿಯ ಮಾತು ಅವರಿಗೆ ತುಂಬಾ ಇಷ್ಟವಾಯಿತು.

ಇನ್ನು ಆ ಹಾಳೆಯ ಕಥೆ. ಡಿಸೆಂಬರ್ 13ಕ್ಕೆ ಮತದಾನ ಮುಗಿಯಿತು, ಅಂದೇ ರಾತ್ರಿ ಫಲಿತಾಂಶದ ಅಂದಾಜು ಬಂತು. ಮತ ಹಾಕಿದವರಲ್ಲಿ ಶೇ. 67 ಮಂದಿ ಮಾರಬೇಡಿ ಅಂದಿದ್ದರು. ಅಪ್ಪ ಟಿ.ವಿ. ಮುಂದೆ ಕೂತಿದ್ದರು.

"ಮೂರರಲ್ಲಿ ಎರಡು ಪಾಲು ಬೇಡ ಅಂದಿದ್ದಾರೆ. ಮುಂದೇನು?"

"ಮುಂದೇನೂ ಇಲ್ಲಪ್ಪಾ. ಇದು ಸರ್ಕಾರವನ್ನ ಕಟ್ಟಿಹಾಕಲ್ಲ. ಅಭಿಪ್ರಾಯ ಅಷ್ಟೇ."

"ಅದು ಸರಿ, ಕಟ್ಟಿಹಾಕೋದು ಬೇಡ. ಜನ ಬೇಡ ಅಂದ್ರು, ನಾವು ಇಂಥ ಕಾರಣಕ್ಕೆ ಮಾಡ್ತೀವಿ ಅಂತನಾದ್ರೂ ಬರೆದುಕೊಡಬೇಕಲ್ಲ. ಅನುಪಾಲನಾ ವರದಿ ಇಲ್ವಾ?"

ನಾನು ಆವತ್ತು ಕಾಯ್ದೆ ತೆಗೆದು ಓದಿದೆ. ಇಲ್ಲ. ಪ್ರಶ್ನೆ ಹೇಗಿರಬೇಕು, ಹಾಳೆ ಹೇಗಿರಬೇಕು, ಎಣಿಕೆ ಹೇಗೆ, ಫಲಿತಾಂಶವನ್ನು ಗೆಜೆಟ್‌ನಲ್ಲಿ ಪ್ರಕಟಿಸುವುದು ಹೇಗೆ, ಎಲ್ಲ ಇದೆ. ಪ್ರಕಟಿಸಿದ ಮೇಲೆ ಮಂತ್ರಿಯೊಬ್ಬರು ಎದ್ದು ನಿಂತು ಉತ್ತರ ಕೊಡಬೇಕು ಎಂಬ ಒಂದು ಸಾಲು ಇಲ್ಲ. ನಿಜ ಹೇಳಬೇಕೆಂದರೆ ಮತಪತ್ರ ಮನೆ ತಲುಪುವಷ್ಟರಲ್ಲೇ ಮೈಟಿ ರಿವರ್, ಮೆರಿಡಿಯನ್ ಎರಡರ ಪಾಲೂ ಮಾರಾಟವಾಗಿತ್ತು. ಮತ ಎಣಿಸಿದ ಮೇಲೆ, 2014ರಲ್ಲಿ, ಜೆನೆಸಿಸ್‌ನದೂ ಆಯಿತು. ಸರ್ಕಾರದ ಕಡೆಯ ವಾದವೂ ಹಗುರವಲ್ಲ. ಮಾರುತ್ತೇವೆ ಎಂದು ಹೇಳಿಯೇ ನಾವು 2011ರ ಚುನಾವಣೆ ಗೆದ್ದೆವು, ಆಗ ಜನ ಕೊಟ್ಟ ಒಪ್ಪಿಗೆಯೇ ದೊಡ್ಡದು, ಈ ಮತದಾನಕ್ಕೆ ಅರ್ಧದಷ್ಟು ಮತದಾರರೂ ಬರಲಿಲ್ಲ ಎಂದರು. ಎರಡನೆಯದು ನಿಜ, ಮತ ಹಾಕಿದವರು ಶೇ. 45. ಆದರೆ ಹಾಕಿದರೂ ಏನೂ ಆಗುವುದಿಲ್ಲ ಎಂದು ಮೊದಲೇ ಹೇಳಿದ ಮೇಲೆ ಎಷ್ಟು ಜನ ಅಂಚೆ ಡಬ್ಬಿಯವರೆಗೆ ನಡೆಯುತ್ತಾರೆ?

ಈ ಕಾಯ್ದೆಯಡಿ ಇಲ್ಲಿಯವರೆಗೆ ಐದೇ ಐದು ಪ್ರಶ್ನೆಗಳು ಮತಪೆಟ್ಟಿಗೆ ಮುಟ್ಟಿವೆ. 1995ರಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಸಂಖ್ಯೆ ಇಳಿಸಬೇಕೇ ಎಂಬುದು, 1999ರಲ್ಲಿ ಎರಡು, 2009ರಲ್ಲಿ ಒಂದು, 2013ರಲ್ಲಿ ಇದು. 1999ರಲ್ಲಿ ಸಂಸದರ ಸಂಖ್ಯೆಯನ್ನು 120ರಿಂದ 99ಕ್ಕೆ ಇಳಿಸಿ ಎಂದು ಶೇ. 81 ಮಂದಿ ಹೇಳಿದರು. ಇವತ್ತಿಗೂ 120ಕ್ಕಿಂತ ಕೆಳಗೆ ಇಳಿದಿಲ್ಲ. ಇಳಿಸದಿರುವುದೇ ಸರಿ ಎಂದು ನನ್ನ ಸ್ವಂತ ಅಭಿಪ್ರಾಯ, ಯಾಕೆಂದರೆ ಒಂದೇ ಸದನದ ದೇಶದಲ್ಲಿ ಮಂತ್ರಿಗಳನ್ನು ಪ್ರಶ್ನಿಸಲು ಜನ ಬೇಕು. ಆದರೆ ಆ ಮಾತನ್ನು ಸರ್ಕಾರ ಜನರ ಮುಂದೆ ಬಂದು ಹೇಳಬೇಕಿತ್ತು.

ಪ್ರಶ್ನೆ ಬರೆಯುವವರದೂ ತಪ್ಪಿದೆ. ಅದೇ 1999ರ ಇನ್ನೊಂದು ಪ್ರಶ್ನೆ ನೋಡಿ. ನಾರ್ಮ್ ವಿದರ್ಸ್ ಎಂಬ ಕ್ರೈಸ್ಟ್‌ಚರ್ಚ್‌ನ ವ್ಯಾಪಾರಿ, ತನ್ನ ವಯಸ್ಸಾದ ತಾಯಿಯ ಮೇಲೆ ಕ್ರೂರ ಹಲ್ಲೆಯಾದ ಮೇಲೆ ಹೊತ್ತ ಪ್ರಶ್ನೆ ಅದು. ನೊಂದವರಿಗೆ ಆದ್ಯತೆ ಕೊಡಬೇಕು, ಪರಿಹಾರ ಕೊಡಬೇಕು, ಹಿಂಸೆಯ ಅಪರಾಧಗಳಿಗೆ ಕನಿಷ್ಠ ಶಿಕ್ಷೆ ಇರಬೇಕು, ಕಠಿಣ ದುಡಿಮೆ ಇರಬೇಕು, ಇವೆಲ್ಲಕ್ಕೂ ಸೇರಿ ಒಂದೇ ಹೌದು ಅಥವಾ ಒಂದೇ ಇಲ್ಲ. ನೊಂದವರಿಗೆ ಪರಿಹಾರ ಬೇಕು, ಆದರೆ ಕಲ್ಲು ಒಡೆಸುವುದು ಬೇಡ ಎನ್ನುವವನು ಎಲ್ಲಿ ಗುರುತು ಹಾಕಬೇಕು? ಶೇ. 91ಕ್ಕೂ ಹೆಚ್ಚು ಮಂದಿ ಹೌದೆಂದರು. 2002ರಲ್ಲಿ ಶಿಕ್ಷೆಯ ಬಗ್ಗೆಯೂ ಸಂತ್ರಸ್ತರ ಹಕ್ಕುಗಳ ಬಗ್ಗೆಯೂ ಹೊಸ ಕಾಯ್ದೆಗಳು ಬಂದವು, ಹಾಗಾಗಿ ಸಂಸತ್ತು ಪೂರಾ ಕಿವುಡಾಗಿತ್ತು ಎನ್ನಲಾರೆ. ಅದಕ್ಕಿಂತ ಬಿಗಡಾಯಿಸಿದ್ದು 2009ರ ಪ್ರಶ್ನೆ: ಮಕ್ಕಳನ್ನು ಒಳ್ಳೆಯ ರೀತಿಯಲ್ಲಿ ತಿದ್ದುವ ಭಾಗವಾಗಿ ಕೊಡುವ ಒಂದು ಏಟು ಅಪರಾಧವಾಗಬೇಕೇ? "ಒಳ್ಳೆಯ" ಎಂಬ ಮಾತನ್ನು ಪ್ರಶ್ನೆಯಲ್ಲೇ ಇಟ್ಟ ಮೇಲೆ ಉತ್ತರ ಬೇರೆ ಏನು ಬಂದೀತು? ಶೇ. 87 ಮಂದಿ ಇಲ್ಲ ಅಂದರು. ಮಕ್ಕಳಿಗೆ ಹೊಡೆಯುವುದನ್ನು ತಡೆಯುವ 2007ರ ಕಾನೂನನ್ನು ಸರ್ಕಾರ ಹಾಗೇ ಉಳಿಸಿಕೊಂಡಿತು. ಬೆತ್ತದ ಏಟು ತಿಂದೇ ಬೆಳೆದವನು ನಾನು, ಕಾನೂನು ಉಳಿದದ್ದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಉಳಿಸಿಕೊಂಡದ್ದು ಸರಿ, ಉಳಿಸಿಕೊಂಡ ರೀತಿ ಸರಿಯಿಲ್ಲ.

ಈಗ ಅಪ್ಪನ ಮಾತಿಗೆ ಬರುತ್ತೇನೆ. ಅನುಪಾಲನಾ ವರದಿ ಎಂಬ ಪದ ಅವರ ಬಾಯಿಗೆ ಬಂದದ್ದು ಗ್ರಾಮ ಸಭೆಯಿಂದ. ನ್ಯೂಜಿಲೆಂಡಿನ ಕಾಯ್ದೆ ಹುಟ್ಟಿದ 1993ನೇ ಇಸವಿಯಲ್ಲೇ, ಏಪ್ರಿಲ್ 24ಕ್ಕೆ, ನಮ್ಮ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಅದೇ ವರ್ಷದ್ದು. ಅಬ್ದುಲ್ ನಜೀರ್ ಸಾಬ್ ಹತ್ತು ವರ್ಷ ಮೊದಲೇ ಹಾಕಿದ್ದ ದಾರಿ ಅದಕ್ಕಿತ್ತು. ಗ್ರಾಮ ಸಭೆ ಎಂದರೆ ಆರಿಸಿ ಕಳಿಸಿದವರ ಸಭೆಯಲ್ಲ, ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ. ಅಲ್ಲೂ ಹತ್ತನೇ ಒಂದು, ಇಲ್ಲೂ ಹತ್ತನೇ ಒಂದು. ಭೂಗೋಳದ ಎರಡು ಕೊನೆಯಲ್ಲಿ ಎರಡು ಸಂಸತ್ತುಗಳು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಜನರನ್ನು ನೇರವಾಗಿ ಕೇಳುವ ಮಾತಾಡಿದವು. ಒಂದು ಸಹಿ ಕೇಳಿತು, ಇನ್ನೊಂದು ಆಲದ ಮರದ ಕೆಳಗೆ ಬಂದು ಕೂರಲು ಹೇಳಿತು.

ನಮ್ಮೂರಿನ ಸಭೆ ಶಾಲೆಯ ಅಂಗಳದಲ್ಲಿ ನಡೆಯುತ್ತಿತ್ತು. ಹಿಂದಿನ ದಿನ ಆಟೊದಲ್ಲಿ ಮೈಕು ಕಟ್ಟಿ ಸಾರುತ್ತಿದ್ದರು. ಮೊದಲು ಹಿಂದಿನ ಸಭೆಯ ನಡಾವಳಿ ಓದಬೇಕು, ಅದರ ಮೇಲೆ ಏನು ಕ್ರಮ ಆಯಿತು ಎಂಬ ಅನುಪಾಲನಾ ವರದಿ ಓದಬೇಕು, ಆಮೇಲೆ ಹೊಸ ಠರಾವು. ಓದುತ್ತಿದ್ದರಾ? ಎಷ್ಟೋ ಸಲ ಇಲ್ಲ. ಎಂಟು ಜನ ಸೇರಿ ಬೋಂಡ ತಿಂದು, ಮಿಕ್ಕವರ ಸಹಿಯನ್ನು ಪುಸ್ತಕ ಮನೆಮನೆಗೆ ಕಳಿಸಿ ಹಾಕಿಸಿಕೊಂಡದ್ದನ್ನು ಅಪ್ಪ ಕಣ್ಣಾರೆ ಕಂಡಿದ್ದಾರೆ. ಆಶ್ರಯ ಮನೆಯ ಫಲಾನುಭವಿ ಪಟ್ಟಿ ಮೊದಲೇ ತಯಾರಾಗಿ ಬಂದದ್ದನ್ನು ಕಂಡು ಜಗಳವಾಡಿದ್ದಾರೆ. ಸಂತೆಯ ಅಜ್ಜಿಯ ಹಾಳೆಗಳನ್ನು ತಾಳೆ ನೋಡಿದ ಕ್ಲರ್ಕ್ ಕಚೇರಿಯ ಕಟ್ಟುನಿಟ್ಟು ನಮ್ಮೂರಿನ ಆ ಪುಸ್ತಕಕ್ಕೆ ಬಂದರೆ ಅರ್ಧ ಸಹಿ ಉದುರಿ ಹೋಗುತ್ತವೆ. ಆದರೂ ಒಂದು ಪದ ಇದೆ ನಮ್ಮಲ್ಲಿ. ಆ ಪದ ಇರುವುದರಿಂದಲೇ ಅಪ್ಪನಂಥವರು ಎದ್ದು ನಿಂತು, "ಅನುಪಾಲನಾ ವರದಿ ಓದಿ ಸ್ವಾಮಿ" ಎಂದು ಕೇಳಲು ಆಗುತ್ತದೆ. ಕೇಳಿದ ಮೇಲೆ ಪಿಡಿಒ ಏನಾದರೂ ಹೇಳಲೇಬೇಕು.

ಗ್ರಾಮ ಸಭೆಯ ಮಾತಿಗೆ ಎಷ್ಟು ಕಸುವು ಬರಬಹುದು ಎನ್ನುವುದಕ್ಕೂ ಅದೇ 2013 ಸಾಕ್ಷಿ. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಮಾಡಬೇಕೋ ಬೇಡವೋ ಎಂಬುದನ್ನು ಅಲ್ಲಿನ ಗ್ರಾಮ ಸಭೆಗಳನ್ನು ಕೇಳಿ ಎಂದು ಸುಪ್ರೀಂ ಕೋರ್ಟ್ ಏಪ್ರಿಲ್ 18ರಂದು ಹೇಳಿತು. ಜುಲೈ, ಆಗಸ್ಟ್ ಮಳೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಸಮ್ಮುಖದಲ್ಲಿ 12 ಸಭೆಗಳು ನಡೆದವು. ಡೊಂಗ್ರಿಯಾ ಕೊಂದ್ ಜನ ಒಬ್ಬೊಬ್ಬರಾಗಿ ಎದ್ದು ನಿಂತು, ಈ ಬೆಟ್ಟ ನಮ್ಮ ದೇವರು ಅಂದರು. 12ಕ್ಕೆ 12 ಸಭೆಗಳೂ ಬೇಡ ಅಂದವು. 2014ರ ಜನವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯ ಗಣಿಗೆ ಅನುಮತಿ ನಿರಾಕರಿಸಿತು. ನಾನು ವೆಲಿಂಗ್ಟನ್‌ನಲ್ಲಿ ಹಾಳೆಗೆ ಗುರುತು ಹಾಕುತ್ತಿದ್ದ ಅದೇ ತಿಂಗಳುಗಳು. ಒಂದು ಕಡೆ ಲಕ್ಷಗಟ್ಟಲೆ ಮಂದಿ ಬೇಡವೆಂದರೂ ಪಾಲು ಮಾರಾಟವಾಯಿತು. ಇನ್ನೊಂದು ಕಡೆ ಕೆಲವೇ ಹಾಡಿಗಳ ಜನ ಬೇಡವೆಂದದ್ದಕ್ಕೆ ಬೆಟ್ಟ ಉಳಿಯಿತು. ಮುಂದುವರಿದ ದೇಶ, ಹಿಂದುಳಿದ ದೇಶ ಎಂದು ಮಾತಾಡುವ ನನ್ನ ಕನ್ನಡದ ಗೆಳೆಯರಿಗೆ ನಾನು ಇದನ್ನು ಬಿಡದೆ ಹೇಳುತ್ತೇನೆ.

ಹಾಗೆಂದು ಇಲ್ಲಿಯ ಜನಮತಗಣನೆ ಎಲ್ಲವೂ ಗಾಳಿಗೆ ಹೋಗಿದೆ ಎಂದಲ್ಲ. ಸರ್ಕಾರವೇ ಕರೆದ ಮತದಾನಗಳ ಕಥೆ ಬೇರೆ. ಇಡೀ ಚುನಾವಣಾ ಪದ್ಧತಿಯನ್ನೇ ಜನ ಬದಲಿಸಿದರು: 1992ರಲ್ಲಿ ಅಭಿಪ್ರಾಯ ಕೇಳಿದರು, 1993ರಲ್ಲಿ ಸರ್ಕಾರವನ್ನು ಕಟ್ಟಿಹಾಕುವ ಮತ ಹಾಕಿಸಿದರು, ಶೇ. 54ರ ಹತ್ತಿರ ಬಂದದ್ದಕ್ಕೆ ಪಕ್ಷಗಳಿಗೆ ಮತದ ಪ್ರಮಾಣಕ್ಕೆ ತಕ್ಕ ಸೀಟು ಸಿಗುವ ಪದ್ಧತಿ ಜಾರಿಯಾಯಿತು. ಸಂಸತ್ತಿನ ಅವಧಿಯನ್ನು ಮೂರು ವರ್ಷದಿಂದ ಹಿಗ್ಗಿಸಲು 1967ರಲ್ಲೂ 1990ರಲ್ಲೂ ಕೇಳಿ ಜನರಿಂದ ಬೇಡ ಎನಿಸಿಕೊಂಡಿದ್ದಾರೆ. ಅವಧಿ, ಮತದಾನದ ವಯಸ್ಸು ಇಂಥ ಕೆಲವನ್ನು ಸಂಸದರಲ್ಲಿ ನಾಲ್ಕನೇ ಮೂರು ಭಾಗ ಅಥವಾ ಜನರ ಬಹುಮತ ಇಲ್ಲದೆ ಮುಟ್ಟುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿಟ್ಟಿದ್ದಾರೆ. ಧ್ವಜ ಬದಲಿಸಬೇಕೇ ಎಂದು 2015, 2016ರಲ್ಲಿ ಎರಡು ಸಲ ಮತ ಹಾಕಿಸಿದರು, ಹಳೆಯದೇ ಗೆದ್ದಿತು.

ನನ್ನ ಮನಸ್ಸಿಗೆ ಹತ್ತಿರವಾದದ್ದು 2020ರ ಅಕ್ಟೋಬರ್ 17. ಅಂದು ಚುನಾವಣೆಯ ಜೊತೆ ಎರಡು ಪ್ರಶ್ನೆ ಇದ್ದವು. ಒಂದು ಗಾಂಜಾ ಬಗ್ಗೆ, ಅದು ಕೂದಲೆಳೆಯಲ್ಲಿ ಸೋತಿತು. ಇನ್ನೊಂದು, ಗುಣವಾಗದ ಕಾಯಿಲೆಯಿಂದ ಆರು ತಿಂಗಳೊಳಗೆ ಸಾಯಲಿರುವವರು ವೈದ್ಯರ ನೆರವಿನಿಂದ ಸಾವನ್ನು ಆರಿಸಿಕೊಳ್ಳಬಹುದೇ ಎಂಬುದು. ಈ ಎರಡನೆಯದರಲ್ಲಿ ಒಂದು ದೊಡ್ಡ ವ್ಯತ್ಯಾಸವಿತ್ತು. ಸಂಸತ್ತು ಕಾಯ್ದೆಯನ್ನು ಪೂರಾ ಬರೆದು, ಚರ್ಚಿಸಿ, 2019ರಲ್ಲೇ ಅಂಗೀಕರಿಸಿ ಇಟ್ಟಿತ್ತು. ಜನ ಹೌದೆಂದರೆ ಅದೇ ಅಕ್ಷರ ಜಾರಿ, ಇಲ್ಲವೆಂದರೆ ಕಸದ ಬುಟ್ಟಿ. ಯಾವ ವೈದ್ಯರು, ಎಷ್ಟು ಸಹಿ, ಯಾರು ಅನರ್ಹರು ಎಂಬುದನ್ನೆಲ್ಲ ಓದಿ ಮತ ಹಾಕಬಹುದಿತ್ತು. ಶೇ. 65 ಮಂದಿ ಹೌದೆಂದರು. ಅಂತಿಮ ಫಲಿತಾಂಶ ಪ್ರಕಟವಾಗಿ ಒಂದು ವರ್ಷದ ಮೇಲೆ, 2021ರ ನವೆಂಬರ್ 7ರಂದು, ಜಾರಿಗೆ ಬಂತು.

ಈ ಕಾಯ್ದೆಯ ಹಿಂದೆ ವೆಲಿಂಗ್ಟನ್‌ನ ಲಾಯರ್ ಲೆಕ್ರೀಷಿಯಾ ಸೀಲ್ಸ್ ಇದ್ದಾರೆ. ಮೆದುಳಿನ ಗಡ್ಡೆಯಿಂದ ಸಾಯುತ್ತಿದ್ದಾಗ ಹಕ್ಕು ಕೇಳಿ ಕೋರ್ಟಿಗೆ ಹೋದರು. ಇದು ಸಂಸತ್ತು ತೀರ್ಮಾನಿಸಬೇಕಾದ ವಿಷಯ ಎಂದು ಕೋರ್ಟ್ ಹೇಳಿತು. 2015ರ ಜೂನ್‌ನಲ್ಲಿ ಅವರು ತೀರಿಕೊಂಡರು. ಅದಕ್ಕೆ ಎರಡೂವರೆ ವಾರ ಮೊದಲು, ಮೇ 18ರಂದು, ಮುಂಬಯಿಯ ಆಸ್ಪತ್ರೆಯೊಂದರಲ್ಲಿ ನಮ್ಮ ಹೊನ್ನಾವರದ ಹಳದೀಪುರದ ಹೆಣ್ಣುಮಗಳು ಅರುಣಾ ಶಾನಭಾಗ್ ಕಣ್ಣು ಮುಚ್ಚಿದ್ದರು, 1973ರಿಂದ 42 ವರ್ಷ ಹಾಸಿಗೆಯಲ್ಲಿ ಕಳೆದ ಮೇಲೆ. ಅವರ ಪ್ರಕರಣದಲ್ಲೇ 2011ರಲ್ಲಿ ಸುಪ್ರೀಂ ಕೋರ್ಟ್ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯುವುದಕ್ಕೆ ದಾರಿ ತೆರೆದಿತ್ತು, 2018ರಲ್ಲಿ ಬೇರೊಂದು ಪ್ರಕರಣದಲ್ಲಿ ಘನತೆಯ ಸಾವನ್ನು ಹಕ್ಕು ಎಂದಿತು. ನಮ್ಮಲ್ಲಿ ಸಾವಿನ ಹಕ್ಕಿನ ಗೆರೆಯನ್ನು ಐವರು ನ್ಯಾಯಮೂರ್ತಿಗಳು ಕೂತು ಎಳೆದರು, ಇಲ್ಲಿ ಲಕ್ಷಾಂತರ ಜನ ಮತ ಹಾಕಿ ಎಳೆದರು. ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ನಿಂತಾಗ ನನಗೆ ನೆನಪಾದದ್ದು ಇಬ್ಬರೂ ಹೆಂಗಸರು. ಬಹಳ ಹೊತ್ತು ನಿಂತೆ. ಬೇರೆಯವರ ಸಾವಿನ ಬಗ್ಗೆ ಹೀಗೆ ಗುರುತು ಹಾಕುವ ಜವಾಬ್ದಾರಿಯನ್ನು ಯಾವ ಚುನಾವಣೆಯೂ ನನ್ನ ಮೇಲೆ ಹೊರಿಸಿರಲಿಲ್ಲ.

ಎಲ್ಲವನ್ನೂ ಜನರನ್ನೇ ಕೇಳಿಬಿಡೋಣ ಎನ್ನುವವರಿಗೆ ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ದೇಶದ ಮಟ್ಟದ ನಾಗರಿಕರ ಮತ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ ಎಂದೆನಲ್ಲ, ಅದೇ ದೇಶದಲ್ಲಿ ಊರಿನ ಮಟ್ಟದ ಒಂದು ಮತ ಕಟ್ಟಿಹಾಕುತ್ತದೆ. ನಗರ ಸಭೆ ಈ ನೆಲದ ಮೂಲನಿವಾಸಿಗಳಾದ ಮಾವೋರಿ ಜನರಿಗೆಂದು ವಾರ್ಡ್ ಮಾಡಿದರೆ, ಶೇ. 5 ಮತದಾರರು ಸಹಿ ಹಾಕಿ ಮತದಾನ ಕೇಳಬಹುದಿತ್ತು, ಅದರ ಫಲಿತಾಂಶ ಖಡಾಖಂಡಿತ. ಹಳ್ಳಿಯವರಿಗೆಂದು ವಾರ್ಡ್ ಮಾಡಿದರೆ ಇಂಥ ಮತದಾನ ಇಲ್ಲ. 2015ರಲ್ಲಿ ನ್ಯೂ ಪ್ಲಿಮತ್ ಊರಿನ ಶೇ. 83 ಮಂದಿ ಮಾವೋರಿ ವಾರ್ಡ್ ಬೇಡ ಅಂದರು. ಅದನ್ನು ತಂದ ಬಿಳಿಯ ಮೇಯರ್ ಆ್ಯಂಡ್ರೂ ಜಡ್ ಜನರಿಂದ ಉಗುಳಿಸಿಕೊಂಡರು, ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. 2021ರಲ್ಲಿ ಈ ನಿಯಮ ತೆಗೆದರು, 2024ರಲ್ಲಿ ಹೊಸ ಸರ್ಕಾರ ವಾಪಸ್ ತಂದಿತು. 2025ರ ಅಕ್ಟೋಬರ್‌ನಲ್ಲಿ 42 ಸಭೆಗಳಲ್ಲಿ ಮತದಾನವಾಗಿ ಹೆಚ್ಚಿನ ಕಡೆ ವಾರ್ಡ್ ಬೇಡ ಎಂದಾಯಿತು. ಹೊರನಾಡಿನಲ್ಲಿ ಬದುಕುವ ನಮಗೆ ಇದು ಬೇಗ ಅರ್ಥವಾಗಬೇಕು. ಹತ್ತರಲ್ಲಿ ಒಬ್ಬನಿಗೆ ಜಾಗ ಕೊಡಬೇಕೇ ಎಂದು ಉಳಿದ ಒಂಬತ್ತು ಮಂದಿಯನ್ನು ಕೇಳಿ ತೀರ್ಮಾನಿಸುವುದು ನ್ಯಾಯವಲ್ಲ. ನಿಯಮಗಿರಿಯಲ್ಲಿ ಇಡೀ ಒಡಿಶಾವನ್ನು ಕೇಳಿದ್ದರೆ ಬೆಟ್ಟ ಉಳಿಯುತ್ತಿತ್ತೇ?

ಮಾವೋರಿ ಮುಖಂಡರಿಗೂ ಬ್ರಿಟಿಷ್ ರಾಜಪ್ರಭುತ್ವಕ್ಕೂ ಆದ 1840ರ ವೈತಾಂಗಿ ಒಪ್ಪಂದದ ತತ್ವಗಳನ್ನು ಹೊಸದಾಗಿ ಬರೆದು ಜನಮತಕ್ಕೆ ಹಾಕಬೇಕೆಂಬ ಮಸೂದೆ 2024ರಲ್ಲಿ ಬಂದಾಗಲೂ ಇದೇ ಪ್ರಶ್ನೆ. ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಸುಮಾರು 42,000 ಜನ ಸೇರಿದ್ದರು ಎಂದು ಪೊಲೀಸರ ಲೆಕ್ಕ. ನಾನೂ ಊಟದ ಬಿಡುವಿನಲ್ಲಿ ಹೋಗಿ ನಿಂತಿದ್ದೆ. ಸಮಿತಿಗೆ ಮೂರು ಲಕ್ಷಕ್ಕೂ ಹೆಚ್ಚು ಲಿಖಿತ ಅಭಿಪ್ರಾಯಗಳು ಬಂದವು, ಅದರಲ್ಲಿ ನನ್ನದೂ ಒಂದು. 2025ರ ಏಪ್ರಿಲ್ 10ರಂದು 112ಕ್ಕೆ 11 ಮತಗಳಿಂದ ಮಸೂದೆ ಬಿತ್ತು. ಜನಮತಗಣನೆ ನಡೆಯದೆಯೇ ಜನರ ಮಾತು ಗೆದ್ದ ದಿನ ಅದು.

ನನಗೆ ಬೇಕಾದದ್ದು ಸಣ್ಣ ತಿದ್ದುಪಡಿ. ನಾಗರಿಕರ ಮತ ಸರ್ಕಾರವನ್ನು ಕಟ್ಟಿಹಾಕಲಿ ಎಂದು ನಾನು ಕೇಳುವುದಿಲ್ಲ, 2009ರ ಪ್ರಶ್ನೆಯನ್ನು ನೋಡಿದ ಮೇಲಂತೂ ಕೇಳಲಾರೆ. ಫಲಿತಾಂಶ ಬಂದ ಮೇಲೆ ಸಂಬಂಧಪಟ್ಟ ಮಂತ್ರಿ ಸದನದಲ್ಲಿ ನಿಂತು, ಏನು ಮಾಡಿದೆವು, ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂದು ಬರಹದಲ್ಲಿ ಕೊಡಬೇಕು, ಅದರ ಮೇಲೆ ಚರ್ಚೆಯಾಗಿ ಸಂಸದರು ಹೆಸರು ಹೇಳಿ ಮತ ಹಾಕಬೇಕು. ಚಳಿಯಲ್ಲಿ ನಿಂತ ಅಜ್ಜಿಗೆ ಅಷ್ಟು ಸಲ್ಲಬೇಕು. ಇದನ್ನು ಕೇಳಲು ಮೂರು ಲಕ್ಷ ಸಹಿ ಬೇಕಿಲ್ಲ. ಇಲ್ಲಿಯ ಸಂಸತ್ತಿಗೆ ಒಬ್ಬನೇ ಒಬ್ಬನ ಸಹಿಯಿರುವ ಮನವಿಯನ್ನೂ ಕೊಡಬಹುದು, ವಯಸ್ಸಿನ ಕಟ್ಟೂ ಇಲ್ಲ. ಓಟೊರೊಹಂಗಾ ಶಾಲೆಯ ಹುಡುಗಿಯರು 2015ರಲ್ಲಿ ಮನವಿ ಕೊಟ್ಟದ್ದರಿಂದಲೇ ಹತ್ತೊಂಬತ್ತನೇ ಶತಮಾನದ ಭೂಮಿ ಯುದ್ಧಗಳಿಗೆ ಈಗ ಒಂದು ಸ್ಮರಣೆಯ ದಿನವಿದೆ.

ಹಾಗಾಗಿ ಮನವಿ ಬರೆಯಲು ಕೂತೆ. ಅನುಪಾಲನಾ ವರದಿಗೆ ಇಂಗ್ಲಿಷಿನಲ್ಲಿ ಏನನ್ನಬೇಕು ಎಂದು ಎರಡು ದಿನ ಯೋಚಿಸಿದೆ. ಆ್ಯಕ್ಷನ್ ಟೇಕನ್ ರಿಪೋರ್ಟ್ ಎಂದು ಬರೆದು ಹೊಡೆದುಹಾಕಿದೆ, ಪಾಲಿಸುವುದು ಎಂಬ ಅರ್ಥ ಅದರಲ್ಲಿ ಬರಲಿಲ್ಲ. ಕಳೆದ ಭಾನುವಾರ ಕರಡನ್ನು ಫೋನಿನಲ್ಲಿ ಅಪ್ಪನಿಗೆ ಕನ್ನಡ ಮಾಡಿ ಓದಿದೆ. ಅವರಿಗೆ ಈಗ ಎಂಬತ್ತು ಹತ್ತಿರ, ಕಿವಿ ಮಂದ, ಎರಡೆರಡು ಸಲ ಓದಿಸಿಕೊಂಡರು. ಊರಿನಲ್ಲಿ ಕೆರೆ ಕಾಲುವೆಯ ಹೂಳು ತೆಗೆಸುವ ಠರಾವು ಮೂರು ಗ್ರಾಮ ಸಭೆಯಿಂದ ಓದಿಸಿಕೊಳ್ಳುತ್ತಲೇ ಇದೆಯಂತೆ, ಪ್ರತಿ ಸಲವೂ ಕ್ರಮ ವಹಿಸಲಾಗುತ್ತಿದೆ ಎಂದೇ ಬರೆಯುತ್ತಾರಂತೆ.

"ಎಲ್ಲಾ ಸರಿಯಾಗಿದೆ ಕಣೋ, ಗಡುವು ಎಲ್ಲಿ ಹಾಕಿದೀಯ?" ಅಂದರು.

ಹಾಕಿರಲಿಲ್ಲ. ಕ್ರಮ ವಹಿಸಲು ಆರು ತಿಂಗಳು ಎಂದು ಈಗ ಸೇರಿಸಿದ್ದೇನೆ.